ಸಂಪರ್ಕ ಕಡಿದುಹೋದದ್ದು ಯಂತ್ರಕ್ಕೆ ತಿಳಿಯುವುದು ಹೇಗೆ?

ಕಂಟ್ರೋಲ್ ರೂಮಿನ ಪರದೆ ನೀರಿನ ಟ್ಯಾಂಕಿನ ಮಟ್ಟ 4.2 ಮೀಟರ್ ಎಂದು ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಮಟ್ಟ ಬದಲಾದಾಗ ಮಾತ್ರ ಪಂಪ್‌ಹೌಸಿನ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಸುದ್ದಿ ಕಳುಹಿಸುತ್ತದೆ. ಅರ್ಧ ಗಂಟೆಯಿಂದ ಅಂಕಿ ಅಲುಗಾಡಿಲ್ಲ. ನೀರು ಅಷ್ಟೇ ಇದೆಯೋ, ಇಲ್ಲವೇ ದಾರಿಯಲ್ಲೆಲ್ಲೋ ಕೇಬಲ್ ತುಂಡಾಗಿದೆಯೋ ಎಂಬುದು ಆಪರೇಟರಿಗಷ್ಟೇ ಅಲ್ಲ, ತಂತ್ರಾಂಶಕ್ಕೂ ತಾನಾಗಿ ತಿಳಿಯುವುದಿಲ್ಲ.

ಕಾರಣ ಸರಳ. ಕಂಪ್ಯೂಟರುಗಳು ಜಾಲದಲ್ಲಿ ಮಾತನಾಡಿಕೊಳ್ಳಲು ಬಳಸುವ ಟಿಸಿಪಿ ಎಂಬ ಪದ್ಧತಿಯ ಸಂಪರ್ಕವೆಂಬುದು ತಂತಿಯಲ್ಲ. ಎಷ್ಟು ಕಳುಹಿಸಿದೆ, ಎಷ್ಟು ಬಂತು ಎಂದು ಎರಡೂ ತುದಿಗಳು ತಮ್ಮ ತಮ್ಮ ಮೆಮೊರಿಯಲ್ಲಿ ಇಟ್ಟುಕೊಂಡ ಲೆಕ್ಕ. ಒಂದು ಕಡೆ ಕರೆಂಟು ಹೋದರೆ ಮುಕ್ತಾಯದ ಸಂದೇಶ ಕಳುಹಿಸಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಕೇಬಲ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನಾಚೆ ಕೇಬಲ್ ತುಂಡಾದರೆ ಈಚೆಯ ಪೋರ್ಟಿನ ಹಸಿರು ದೀಪ ಎಂದಿನಂತೆ ಉರಿಯುತ್ತಲೇ ಇರುತ್ತದೆ. ಟಿಸಿಪಿಯಲ್ಲೇ ಕೀಪ್‌ಅಲೈವ್ ಎಂಬ ತಪಾಸಣೆ ಇದೆಯಾದರೂ ಪ್ರೋಗ್ರಾಂ ಕೇಳಿಕೊಂಡರೆ ಮಾತ್ರ ಅದು ನಡೆಯುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಮೂಲ ಹೊಂದಿಕೆಯಲ್ಲಿ 2 ಗಂಟೆಯ ಮೌನದ ನಂತರ ‘ಇದ್ದೀಯಾ?’ ಎಂಬ ಮೊದಲ ವಿಚಾರಣೆ, ಬಳಿಕ 75 ಸೆಕೆಂಡಿಗೊಂದರಂತೆ ಒಟ್ಟು 9; ಸಂಪರ್ಕ ಸತ್ತಿದೆಯೆಂದು ತೀರ್ಮಾನವಾಗುವಷ್ಟರಲ್ಲಿ 2 ಗಂಟೆ 11 ನಿಮಿಷ. ಟ್ಯಾಂಕು ಅಷ್ಟು ಹೊತ್ತು ಕಾಯುವುದಿಲ್ಲ.

ಆದ್ದರಿಂದ ಕೈಗಾರಿಕಾ ತಂತ್ರಾಂಶಗಳು ತಮ್ಮದೇ ನಾಡಿಮಿಡಿತವನ್ನು ಇಟ್ಟುಕೊಳ್ಳುತ್ತವೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅವರು ತೈಲ ಪೈಪ್‌ಲೈನುಗಳ ನಿಗಾಕ್ಕಾಗಿ, ಒಂದೊಂದು ಬೈಟೂ ದುಬಾರಿಯಾಗಿದ್ದ ಉಪಗ್ರಹ ಸಂಪರ್ಕದ ಮೇಲೆ ಓಡುವಂತೆ ರೂಪಿಸಿದ ಎಂಕ್ಯೂಟಿಟಿ ಎಂಬ ಸಂದೇಶ ಪ್ರೋಟೊಕಾಲಿನಲ್ಲಿ ಇದು ಅಚ್ಚುಕಟ್ಟಾಗಿದೆ. ಸಾಧನವು ಸೇರುವಾಗಲೇ 60 ಸೆಕೆಂಡು ಎಂದು ಗಡುವು ಹೇಳಿದ್ದರೆ, ಹೇಳಲು ಬೇರೇನೂ ಇಲ್ಲದಿದ್ದರೂ ಆ ಅವಧಿಯೊಳಗೆ ಕೇವಲ ಎರಡು ಬೈಟಿನ ಪಿಂಗ್ ಕಳುಹಿಸಬೇಕು. ಗಡುವಿನ ಒಂದೂವರೆ ಪಟ್ಟು, ಅಂದರೆ 90 ಸೆಕೆಂಡು, ಏನೂ ಬಾರದಿದ್ದರೆ ಬ್ರೋಕರ್ (ಸಂದೇಶಗಳನ್ನು ಹಂಚುವ ಮಧ್ಯವರ್ತಿ ಸರ್ವರ್) ಸಂಪರ್ಕವನ್ನು ಮುಚ್ಚಿ, ಸಾಧನ ಮೊದಲೇ ಬರೆದಿಟ್ಟಿದ್ದ ಉಯಿಲನ್ನು, ಅಂದರೆ ತನ್ನ ಸಂಪರ್ಕ ಕಡಿದರೆ ಹೇಳಬೇಕಾದ ಸಂದೇಶವನ್ನು, ಉಳಿದವರಿಗೆ ಪ್ರಕಟಿಸುತ್ತದೆ. ಉಯಿಲು ಎಂಬ ಹೆಸರು ನನ್ನದಲ್ಲ. ಆ ಪ್ರೋಟೊಕಾಲಿನ ನಿಯಮಗಳಲ್ಲೇ ಅದನ್ನು ವಿಲ್ ಎಂದು ಕರೆದಿದ್ದಾರೆ.

ಗಡುವು ತೀರಾ ಚಿಕ್ಕದಾದರೆ ಮೊಬೈಲ್ ಜಾಲದ ಸಣ್ಣ ತಡವರಿಕೆಗೂ ಅಲಾರಂ ಕೂಗುತ್ತದೆ. ದಿನಕ್ಕೆ ಹತ್ತು ಸಲ ಸುಳ್ಳು ಕೂಗುವ ಅಲಾರಮಿಗೆ ಯಾರೂ ಕಿವಿಗೊಡುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ: ಮಟ್ಟ ಅಳೆಯುವ ಪ್ರೋಗ್ರಾಂ ಸ್ಥಗಿತಗೊಂಡಿದ್ದರೂ ಟಿಸಿಪಿಯ ವಿಚಾರಣೆಗೆ ಆಪರೇಟಿಂಗ್ ಸಿಸ್ಟಂ ತಾನೇ ಉತ್ತರಿಸಿಬಿಡುತ್ತದೆ. ಹಾಗಾಗಿ ಪಿಎಲ್‌ಸಿಯ ಪ್ರೋಗ್ರಾಮೇ ಸೆಕೆಂಡಿಗೊಮ್ಮೆ ಒಂದು ಸಂಖ್ಯೆಯನ್ನು ಏರಿಸಿ ಕಳುಹಿಸುವ ಹಳೆಯ ಪದ್ಧತಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಆ ಸಂಖ್ಯೆ ನಿಂತ ಕೂಡಲೇ ಪರದೆಯ 4.2 ಬೂದು ಬಣ್ಣಕ್ಕೆ ತಿರುಗಿ, ಅದು ಕೊನೆಯ ಬಾರಿ ಬಂದ ಹೊತ್ತು ಪಕ್ಕದಲ್ಲೇ ಕಾಣಿಸಿಕೊಳ್ಳಬೇಕು.