ಫೋಟಾನ್ ಹೋದ ದಾರಿಯನ್ನು ಯಾರೂ ನೋಡಿಲ್ಲ

ಪ್ರಶ್ನೆ: ಎರಡು ಸೀಳುಗಳ ಪ್ರಯೋಗದಲ್ಲಿ ಫೋಟಾನ್ (ಬೆಳಕಿನ ಕಣ) ಯಾವ ಸೀಳಿನಿಂದ ಹಾದುಹೋಯಿತೆಂದು ಟೊರಾಂಟೊದಲ್ಲಿ ನೋಡಿದರಂತೆ, ಆದರೂ ಪರದೆಯ ಮೇಲೆ ಅಲೆಗಳು ಬೆರೆತು ಮೂಡುವ ಬೆಳಕು-ಕತ್ತಲೆಯ ಪಟ್ಟೆಗಳು ಅಳಿಸಲಿಲ್ಲವಂತೆ. ಹಾಗಾದರೆ ದಾರಿ ತಿಳಿದರೆ ಪಟ್ಟೆ ಇರದು, ಪಟ್ಟೆ ಇದ್ದರೆ ದಾರಿ ತಿಳಿಯದು ಎಂದು ಭೌತವಿಜ್ಞಾನಿ ಬೋರ್ ಹೇಳಿದ ಪೂರಕತ್ವ ಸುಳ್ಳೇ?

ಉತ್ತರ: ಈ ‘ಅಂತೆ’ಗಳಿಗೆ ಉತ್ತರ ಬರೆದು ಬರೆದು ಸಾಕಾಗಿದೆ. ಸುಳ್ಳಲ್ಲ. ದಾರಿಯನ್ನು ಯಾರೂ ನೋಡಿಯೇ ಇಲ್ಲ.

2011ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸ್ಟೈನ್‌ಬರ್ಗ್ ತಂಡ ಒಂದೊಂದೇ ಫೋಟಾನನ್ನು ಜೋಡಿ ಸೀಳಿನಂಥ ಏರ್ಪಾಟಿನಿಂದ ಹಾಯಿಸಿ, ಮುಂದೆ ತೆಳ್ಳನೆಯ ಕ್ಯಾಲ್ಸೈಟ್ ಹರಳೊಂದನ್ನು ಇಟ್ಟಿತು. ಫೋಟಾನ್ ಎಷ್ಟು ಓರೆಯಾಗಿ ಬರುತ್ತದೋ ಅದಕ್ಕೆ ತಕ್ಕಂತೆ ಅದರ ಧ್ರುವೀಕರಣವನ್ನು (ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು) ಹರಳು ಒಂದಿಷ್ಟೇ ಬದಲಿಸುತ್ತದೆ. ಇದೇ ದುರ್ಬಲ ಮಾಪನ. ಮೂಟೆ ತೂಗುವ ತಕ್ಕಡಿಗೆ ಸಾಸಿವೆ ಕಾಳು ಹಾಕಿದ ಹಾಗೆ: ಮುಳ್ಳು ಅಲುಗಿದ್ದು ಕಾಳಿನಿಂದಲೋ ಗಾಳಿಯಿಂದಲೋ ಹೇಳಲಾಗದು. ಸಾವಿರಾರು ಫೋಟಾನ್‌ಗಳ ಲೆಕ್ಕ ಕೂಡಿಸಿದಾಗ ಮಾತ್ರ ಸರಾಸರಿ ಕೈಗೆ ಸಿಗುತ್ತದೆ.

ಎಲ್ಲರನ್ನೂ ದಾರಿ ತಪ್ಪಿಸುವುದು ಆ ಪ್ರಯೋಗದ ಪ್ರಸಿದ್ಧ ಚಿತ್ರ. ಎರಡು ಸೀಳುಗಳಿಂದ ಹೊರಟು ಬಳುಕುತ್ತಾ ಪಟ್ಟೆಗಳತ್ತ ಸಾಗುವ ಗೆರೆಗಳು! ಅದಕ್ಕಾಗಿ 41 ಬೇರೆ ಬೇರೆ ದೂರಗಳಲ್ಲಿ ಅಳತೆ ಮಾಡಿದ್ದರು. ಕ್ಯಾಮೆರಾಕ್ಕೆ ಬಡಿದ ಫೋಟಾನಿನ ಕಥೆ ಅಲ್ಲಿಗೇ ಮುಗಿಯುತ್ತದೆ. ಮೂರನೆಯ ಮೀಟರಿನಲ್ಲಿ ಎಣಿಕೆಗೆ ಸಿಕ್ಕಿದ್ದು ನಾಲ್ಕನೆಯ ಮೀಟರಿನಲ್ಲಿ ಮತ್ತೆ ಸಿಗುವುದು ಹೇಗೆ? ಪ್ರತಿ ದೂರದಲ್ಲೂ ಬೇರೆಯೇ ಫೋಟಾನ್‌ಗಳು. ಅವುಗಳ ಸರಾಸರಿ ದಿಕ್ಕುಗಳನ್ನು ಒಂದಕ್ಕೊಂದು ಹೊಲಿದಾಗ ಗೆರೆ ಮೂಡಿತು. ಒಂದೇ ಫೋಟಾನ್ ಒಂದು ಗೆರೆಯ ಉದ್ದಕ್ಕೂ ನಡೆಯಿತೆಂದು ಆ ಅಳತೆ ಹೇಳುವುದಿಲ್ಲ. ಪ್ರತಿ ಕಣಕ್ಕೂ ಖಚಿತವಾದ ದಾರಿಯೊಂದು ಇದ್ದೇ ಇರುತ್ತದೆ ಎನ್ನುವ 1952ರ ಬೋಮ್ ಸಿದ್ಧಾಂತಕ್ಕೆ ಈ ಗೆರೆಗಳು ಹೊಂದುತ್ತವೆ, ನಿಜ. ಆದರೆ ಮಾಮೂಲಿ ಕ್ವಾಂಟಮ್ ಲೆಕ್ಕವೂ ಅವೇ ಗೆರೆಗಳನ್ನು ಕೊಡುತ್ತದೆ. ಹಾಗಾಗಿ ಬೋಮ್ ಗೆದ್ದರೆಂದು ಬರೆಯುವವರೂ ಸ್ವಲ್ಪ ತಾಳಬೇಕು.

ಪಟ್ಟೆಗಳು ಉಳಿದದ್ದರಲ್ಲೂ ಪವಾಡವಿಲ್ಲ. ದಾರಿಯ ಸುಳಿವು ಹೆಚ್ಚಿದಷ್ಟೂ ಪಟ್ಟೆಗಳು ಮಾಸುತ್ತವೆ. ದಾರಿಯ ಸುಳಿವು, ಪಟ್ಟೆಗಳ ಸ್ಪಷ್ಟತೆ ಎರಡನ್ನೂ ಸೊನ್ನೆಯಿಂದ ಒಂದರವರೆಗೆ ಅಳೆದರೆ, ಅವುಗಳ ವರ್ಗಗಳ ಮೊತ್ತ ಒಂದನ್ನು ಮೀರದು ಎಂದು ಭೌತವಿಜ್ಞಾನಿ ಎಂಗ್ಲರ್ಟ್ 1996ರಲ್ಲೇ ತೋರಿಸಿದ್ದಾರೆ. ಸುಳಿವು ಅತ್ಯಲ್ಪವಾದರೆ ಮಾಸುವುದೂ ಅತ್ಯಲ್ಪ. ಅಲೆ, ಕಣ ಎಂದು ಎರಡೇ ಖಾನೆ ಮಾಡಿಕೊಂಡವರಿಗೆ ಮಾತ್ರ ಇದು ಅಚ್ಚರಿ.

ದುರ್ಬಲ ಮಾಪನದಿಂದ ಉಪಯೋಗವೇನೆಂದು ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಬೆಳಕು ಗಾಜಿನೊಳಗೆ ಹೊಗುವಾಗ ಧ್ರುವೀಕರಣಕ್ಕೆ ತಕ್ಕಂತೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಪಕ್ಕಕ್ಕೆ ಸರಿಯುತ್ತದೆ. 2008ರಲ್ಲಿ ಭೌತವಿಜ್ಞಾನಿಗಳಾದ ಹೋಸ್ಟನ್ ಮತ್ತು ಕ್ವಿಯಾಟ್ ಎರಡು ಧ್ರುವೀಕಾರಕಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಸೋಸುಕಗಳನ್ನು) ಹೆಚ್ಚುಕಡಿಮೆ ಅಡ್ಡಡ್ಡವಾಗಿ ನಿಲ್ಲಿಸಿ, ಬಹುಪಾಲು ಬೆಳಕನ್ನು ಬೇಕೆಂದೇ ಕಳೆದುಕೊಂಡರು. ನುಸುಳಿ ಬಂದ ಚೂರು ಬೆಳಕಿನಲ್ಲಿ ಆ ಸರಿತ ಸಾವಿರಾರು ಪಟ್ಟು ಹಿಗ್ಗಿ ಕಾಣಿಸಿತು.