ಲೈನ್ ಅಂದ್ರ ಗೆರಿ ಅಷ್ಟ ಅಲ್ಲ

ಏಳನೇ ಇಯತ್ತೆ ಓದುವ ನನ್ನ ತಂಗಿಯ ಮಗಳು ಮೊನ್ನೆ ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ಇಳಿಸುತ್ತ ಕೂತಿದ್ದಳು. ‘ಸ್ಟ್ಯಾಂಡ್ ಇನ್ ದ ಲೈನ್’ ಅನ್ನುವುದಕ್ಕೆ ‘ಗೆರೆಯಲ್ಲಿ ನಿಲ್ಲು’ ಅಂತ ಬರೆದಿದ್ದಳು. ನನಗೆ ನಗು ಬಂತು.

“ಯಾಕ ನಗತಿ ಮಾಮಾ? ಡಿಕ್ಷನರಿಯೊಳಗ ಗೆರಿ ಅಂತನ ಐತಿ, ನೋಡ” ಅಂತ ಬೆರಳಿಟ್ಟು ತೋರಿಸಿದಳು. ಹೌದು, ಹಾಗೇ ಇತ್ತು. ಆದರೆ ಅದೇ ಹುಡುಗಿ ಬೆಳಿಗ್ಗೆ ರೇಶನ್ ಅಂಗಡಿಯಿಂದ ಓಡಿಬಂದು “ಅವ್ವ ಪಾಳಿಗೆ ನಿಂತಾಳ, ಚೀಲ ಕೊಡು” ಅಂದಿದ್ದಳು. ಬಾಯಲ್ಲಿದ್ದ ಪಾಳಿ ಪೆನ್ನಿಗೆ ಬರುವಷ್ಟರಲ್ಲಿ ಗೆರೆಯಾಗಿತ್ತು.

ಈ ಲೈನ್ ಅನ್ನುವ ಪದದ ಬೇರು ಎಲ್ಲಿದೆ ಗೊತ್ತೇ? ಅಗಸಿಯಲ್ಲಿ. ನಾವು ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಅಗಸಿ ಹಿಂಡಿಯ ಅಗಸಿಯೇ. ಲ್ಯಾಟಿನ್ನಿನಲ್ಲಿ ಆ ಗಿಡಕ್ಕೂ ಅದರ ನಾರಿಗೂ ‘ಲೀನುಮ್’ ಅನ್ನುತ್ತಿದ್ದರು. ಆ ನಾರಿನಿಂದ ಹೊಸೆದ ದಾರ ‘ಲೀನಿಯ’. ಅದೇ ಮುಂದೆ ಲೈನ್ ಆಯಿತು. ಲಿನನ್ ಬಟ್ಟೆ, ಲಿನ್‌ಸೀಡ್ ಎಣ್ಣೆ, ಆ ಎಣ್ಣೆಯಿಂದ ಮಾಡುವ ಲಿನೋಲಿಯಂ ನೆಲಹಾಸು ಎಲ್ಲ ಒಂದೇ ಮನೆತನದವು. ಕೋಟಿನ ಒಳಗಿನ ಲೈನಿಂಗ್ ಕೂಡ, ಯಾಕಂದರೆ ಮೊದಲು ಒಳಗೆ ಕೊಟ್ಟು ಹೊಲಿಯುತ್ತಿದ್ದದ್ದು ಲಿನನ್ನೇ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಗಿಡಕ್ಕೆ ಇಟ್ಟ ಶಾಸ್ತ್ರೀಯ ಹೆಸರಿನ ಅರ್ಥ ‘ಬಹಳ ಬಹಳ ಉಪಯೋಗದ ಲೀನುಮ್’. ನಾರಿಗಾಗಿ ಬೆಳೆಯುವ ತಳಿ ಎತ್ತರ, ಕೊಂಬೆ ಕಡಿಮೆ. ವಿಜಯಪುರ ಕಡೆಯ ಎರೆಹೊಲದಲ್ಲಿ ಹಿಂಗಾರಿಗೆ ಬರುವುದು ಕಾಳಿನ ತಳಿ, ಗಿಡ್ಡ. ಯುರೋಪಿನವರು ದಾರ ತೆಗೆದರು, ನಾವು ಹುರಿದು ಕುಟ್ಟಿದೆವು.

ಅಂದರೆ ಲೈನ್ ಮೊದಲಿಗೆ ದಾರ, ಗೆರೆಯಾದದ್ದು ಆಮೇಲೆ. ಹೇಗೆ ಅನ್ನುವುದನ್ನು ನೋಡಬೇಕಾದರೆ ಮನೆ ಕಟ್ಟುವಲ್ಲಿ ಹತ್ತು ನಿಮಿಷ ನಿಲ್ಲಬೇಕು. ಗೌಂಡಿ ಎರಡು ಮೂಲೆಗೆ ಎರಡು ಮೊಳೆ ಹೊಡೆದು, ನಡುವೆ ದಾರ ಬಿಗಿದು, ಬೆರಳಿನಿಂದ ಒಮ್ಮೆ ಮೀಟುತ್ತಾನೆ. ದಾರ ಝುಂ ಅಂದು ನಿಂತಿತೆಂದರೆ ಅದಕ್ಕೆ ಸರಿಯಾಗಿ ಇಟ್ಟಿಗೆ ಕೂರಿಸುತ್ತ ಹೋಗುತ್ತಾನೆ. ದಾರ ಎಳೆದಲ್ಲಿ ಗೆರೆ, ಗೆರೆಯ ಗುಂಟ ಇಟ್ಟಿಗೆಯ ಸಾಲು: ಮೂರೂ ಅರ್ಥ ಅಲ್ಲೇ ಕಣ್ಣೆದುರಿಗೆ ಒಂದರಿಂದೊಂದು ಹುಟ್ಟುತ್ತವೆ. ಆ ದಾರಕ್ಕೆ ನಮ್ಮ ಕಡೆ ‘ಲೈನ್ ದೋರಿ’ ಅನ್ನುತ್ತಾರೆ. ದೋರಿ ಅಂದರೂ ದಾರ, ಲೈನ್ ಅಂದರೂ ದಾರ. ‘ಗೇಟ್ ಬಾಗಿಲು’ ಅಂದ ಹಾಗೆ ಒಂದೇ ಮಾತು ಎರಡು ಸಲ. ಆದರೂ ನನಗೆ ಇದು ಬಹಳ ಸೇರುತ್ತದೆ. ಮರೆತುಹೋದ ಮೂಲ ಅರ್ಥವನ್ನು ಗೌಂಡಿ ತಿಳಿಯದೆಯೇ ಪಕ್ಕಕ್ಕೆ ತಂದು ನಿಲ್ಲಿಸಿದ್ದಾನೆ.

ಇನ್ನು ಸರದಿಯ ಮಾತು. ಇಂಗ್ಲಿಷಿನಲ್ಲಿ ಲೈನ್‌ಗೆ ಸಮಾನವಾಗಿ ರೋ, ಕ್ಯೂ, ಫೈಲ್ ಇವೆ. ಕ್ಯೂ ಅಂದರೆ ಮೂಲದಲ್ಲಿ ಬಾಲ. ಹನುಮಪ್ಪನ ಬಾಲದಂಥ ಪಾಳಿ ಅಂತ ನಾವು ಅನ್ನುವುದಿಲ್ಲವೇ, ಹಾಗೆ. ಫೈಲ್ ಇನ್ನೂ ಮಜಾ: ಅದೂ ದಾರವೇ, ‘ಫೀಲುಮ್’ ಅನ್ನುವ ಬೇರೆ ಲ್ಯಾಟಿನ್ ದಾರ. ಒಬ್ಬರ ಹಿಂದೊಬ್ಬರು ದಾರದಂತೆ ನಿಂತ ಸಿಪಾಯಿಗಳೂ ಫೈಲ್, ದಾರಕ್ಕೆ ಪೋಣಿಸಿಟ್ಟ ಕಾಗದಗಳೂ ಫೈಲ್. ಕಚೇರಿಯಲ್ಲಿ ಇವತ್ತಿಗೂ ಫೈಲಿಗೆ ಲಾಡಿ ಕಟ್ಟುವಾಗ ಆ ಹಳೆಯ ಅರ್ಥಕ್ಕೇ ಗಂಟು ಬೀಳುತ್ತದೆ.

ಕನ್ನಡ ಇಲ್ಲಿ ಲೈನ್‌ಗಿಂತ ಚೊಕ್ಕ. ಹೊಲದಲ್ಲಿ ಕಬ್ಬು ಸಾಲಿನಲ್ಲಿರುತ್ತದೆ, ಪಾಳಿಯಲ್ಲಲ್ಲ. ಅದೇ ಕಬ್ಬು ಕಡಿದು ಟ್ರ್ಯಾಕ್ಟರಿಗೆ ಹೇರಿ ಸಕ್ಕರೆ ಕಾರ್ಖಾನೆಯ ಮುಂದೆ ನಿಲ್ಲಿಸಿದರೆ ಅದು ಪಾಳಿ. ಬರೀ ಒಂದರ ಪಕ್ಕ ಒಂದು ಇದ್ದರೆ ಸಾಲು. ‘ಮುಂದಿನದು ನನ್ನದು’ ಅನ್ನುವ ಹಕ್ಕು ಸೇರಿದರೆ ಪಾಳಿ. ಕಾಲುವೆ ನೀರಿಗೆ ಪಾಳಿ ಇರುವುದೂ ಅದಕ್ಕೇ, ಅಲ್ಲಿ ಯಾರೂ ಒಬ್ಬರ ಹಿಂದೊಬ್ಬರು ನಿಂತಿರದಿದ್ದರೂ.

ಪಠ್ಯದ ಲೈನ್‌ಗೆ ಬಂದರೆ ಬಾದಾಮಿಗೆ ಹೋಗಬೇಕು. ಅಲ್ಲಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ತ್ರಿಪದಿಯ ಬಹಳ ಹಳೆಯ ಮಾದರಿ. ಕಲ್ಲಿನ ಅಗಲ ಮುಗಿದಲ್ಲಿ ಮುರಿಯುವುದು ಶಾಸನದ ಸಾಲು; ಛಂದಸ್ಸು ಮುಗಿದಲ್ಲಿ ನಿಲ್ಲುವುದು ಪದ್ಯದ ಪಾದ. ಎರಡೂ ಒಂದೇ ಕಡೆ ಮುಗಿಯಬೇಕೆಂದೇನಿಲ್ಲ. ಇಂಗ್ಲಿಷಿನವರು ಎರಡಕ್ಕೂ ಲೈನ್ ಅಂದುಬಿಡುತ್ತಾರೆ, ನಾವು ಕನ್ನಡಕ್ಕೆ ತರುವಾಗ ಯಾವುದು ಅಂತ ಕೇಳಿಕೊಳ್ಳಲೇಬೇಕು. ಅರಸರ ಲೈನ್ ಬಂದರೆ ಅದು ವಂಶ, ಮನೆತನ: 1490ರಿಂದ 1686ರ ತನಕ ಬಿಜಾಪುರ ಆಳಿದ ಆದಿಲ್‌ಶಾಹಿಗಳ ಹಾಗೆ.

ಡೆಡ್‌ಲೈನ್‌ನ ಕತೆ ಮಾತ್ರ ಕರಾಳ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಸುಮಾರಿಗೆ, ಆಂಡರ್ಸನ್‌ವಿಲ್ ಸೆರೆಮನೆಯ ಒಳಗೆ ಒಂದು ಗಡಿ ಹಾಕಿದ್ದರು. ದಾಟಿದ ಕೈದಿಗೆ ಗುಂಡು. ಪತ್ರಿಕೆಯವರ ಬಾಯಿಗೆ ಬಂದದ್ದು ಆಮೇಲೆ. ನಮ್ಮ ಗಡುವು, ವಾಯಿದೆ ಅಷ್ಟು ಹೆದರಿಸುವುದಿಲ್ಲ. ಬಹುಶಃ ಅದಕ್ಕೇ ಯಾರೂ ಪಾಲಿಸುವುದೂ ಇಲ್ಲ.

ಉಳಿದವು ಬಾಯಿಮಾತಿನವು. “ಹುಡುಗ ಯಾವ ಲೈನಿನ್ಯಾಗ ಅದಾನ?” ಅಂದರೆ ಕಸುಬು. “ಈಗ ಲೈನಿಗೆ ಬಂದಾನ” ಅಂದರೆ ಹಾದಿಗೆ ಹತ್ತಿದ್ದಾನೆ. ಕುಡಚಿ ಲೈನ್ ಅಂದರೆ ರೈಲು ಹಳಿ. ಪೊಲೀಸ್ ಲೈನ್ ಅಂದರೆ ಸಾಲುಮನೆ. ಹುಡುಗಿಗೆ ಲೈನ್ ಹೊಡೆಯುವುದಕ್ಕೆ ನಾನು ಕನ್ನಡ ಕೊಡುವುದಿಲ್ಲ, ತಂಗಿಯ ಮಗಳು ಪಕ್ಕದಲ್ಲೇ ಇದ್ದಾಳೆ. ‘ಲೈನ್ ಕ್ಲಿಯರ್’ ರೈಲಿನವರ ಮಾತು, ಮುಂದಿನ ಸ್ಟೇಷನ್ ತನಕ ಹಳಿ ಖಾಲಿ ಅಂತ; ನಮ್ಮಲ್ಲಿ ಅದು ಲಗ್ನದ ಮಾತುಕತೆಗೂ ಬಂದುಬಿಟ್ಟಿದೆ. “ಹೆಣ್ಣಿನವರು ಹ್ಞೂಂ ಅಂದ್ರು, ಲೈನ್ ಕ್ಲಿಯರ್.”

ಕತೆಯ ಲೈನ್‌ಗೆ ಮಾತ್ರ ಕನ್ನಡ ನೇರ ದಾರಕ್ಕೇ ಹೋಗಿದೆ: ಕಥೆಯ ಎಳೆ. ಇಳಕಲ್ ಮಗ್ಗದಲ್ಲಿ ಸೀರೆಯ ಮೈಯ ಹಾಸು (ಮಗ್ಗದ ಉದ್ದನೆಯ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ, ಒಂದೊಂದೇ ಎಳೆಗೆ ಕೊಂಡಿ ಹಾಕುತ್ತ ಹೋಗುವುದನ್ನು ನೋಡಿದವರಿಗೆ ‘ಎಳೆ ತಪ್ಪಿತು’ ಅನ್ನುವ ಮಾತು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಹುಡುಗಿ ‘ಗೆರೆಯಲ್ಲಿ’ ಹೊಡೆದು ‘ಪಾಳಿಯಲ್ಲಿ’ ಅಂತ ತಿದ್ದಿದಳು. ಮುಂದಿನ ವಾಕ್ಯ ಫೋನಿನದು, ‘ಹೋಲ್ಡ್ ದ ಲೈನ್’. ಪೆನ್ನು ಕಚ್ಚಿಕೊಂಡು ನನ್ನ ಮುಖ ನೋಡಿದಳು.

“ದಾರ ಹಿಡಕೊ ಅಂತ ಬರೀಲೇನು ಮಾಮಾ?”

“ಬ್ಯಾಡವ್ವ, ಫೋನ್ ಇಡಬ್ಯಾಡ್ರಿ ಅಂತ ಬರಿ.”