ಬ್ಯಾಡ್ ಸೆಕ್ಟರ್: ಯಾವ ಡಿಸ್ಕ್‌ನಲ್ಲಿ ನೋಡಿಕೊಳ್ಳುವವರು ಯಾರು?

ಬ್ಯಾಡ್ ಸೆಕ್ಟರ್ (ಡಿಸ್ಕ್‌ನಲ್ಲಿ ಸರಿಯಾಗಿ ಓದಲು-ಬರೆಯಲು ಆಗದ ಚಿಕ್ಕ ಜಾಗ) ಕಂಡ ತಕ್ಷಣ ರಿಪೇರಿ ಟೂಲ್ ಓಡಿಸಬೇಡಿ. ಕೆಟ್ಟ ಜಾಗದ ಲೆಕ್ಕ ಇಡುತ್ತಿರುವುದು ಆಪರೇಟಿಂಗ್ ಸಿಸ್ಟಮ್ಮೋ, ಡಿಸ್ಕೋ? ಮೊದಲು ಅದನ್ನು ತಿಳಿದುಕೊಳ್ಳಿ.

ಮೊದಮೊದಲ ಪಿಸಿಗಳಲ್ಲಿದ್ದ ಹಳೆಯ ಎಂಎಫ್‌ಎಂ ಡಿಸ್ಕ್‌ಗಳಿಗೆ ಸ್ವಂತ ಬುದ್ಧಿ ಇರಲಿಲ್ಲ. ಕಾರ್ಖಾನೆಯಲ್ಲಿ ಸಿಕ್ಕ ದೋಷಗಳ ಪಟ್ಟಿಯನ್ನು ಡಿಸ್ಕ್ ಮೇಲೆಯೇ ಅಂಟಿಸಿ ಕೊಡುತ್ತಿದ್ದರು. ಲೋ-ಲೆವೆಲ್ ಫಾರ್ಮ್ಯಾಟ್ (ಡಿಸ್ಕ್ ಮೇಲೆ ಸೆಕ್ಟರ್‌ಗಳನ್ನು ಗುರುತಿಸುವ ಕೆಲಸ) ಮಾಡುವಾಗ ಅದನ್ನು ಟೈಪ್ ಮಾಡಬೇಕಿತ್ತು. ಆಮೇಲೆ ಆಪರೇಟಿಂಗ್ ಸಿಸ್ಟಮ್‌ನ ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಇಡುವ ವ್ಯವಸ್ಥೆ) ಆ ಕ್ಲಸ್ಟರ್‌ಗಳಿಗೆ, ಅಂದರೆ ಸೆಕ್ಟರ್ ಗುಂಪುಗಳಿಗೆ, ಗುರುತು ಹಾಕಿ ದೂರ ಇಡುತ್ತಿತ್ತು.

ಈಗಿನ ಪಿಸಿಗಳ ಸಾಟಾ ಡಿಸ್ಕ್ ಈ ಕೆಲಸವನ್ನು ತಾನೇ ಮಾಡುತ್ತದೆ. ಅದರೊಳಗೆ ಎರಡು ಪಟ್ಟಿ: ಕಾರ್ಖಾನೆಯಲ್ಲಿ ಸಿಕ್ಕ ದೋಷಗಳದ್ದು ಪಿ-ಲಿಸ್ಟ್, ಬಳಸುತ್ತಾ ಹುಟ್ಟಿದವುಗಳದ್ದು ಜಿ-ಲಿಸ್ಟ್. ಬದಲಿಗೆ ಕೊಡಲು ಸ್ಪೇರ್ ಸೆಕ್ಟರ್‌ಗಳೂ ಇರುತ್ತವೆ.

ಹಾಗಾದರೆ ಎರರ್ ಯಾಕೆ ಬರುತ್ತದೆ? ಎಲ್ಲರೂ ಎಡವುವುದು ಇಲ್ಲೇ. ಸೆಕ್ಟರ್ ಓದಲು ಆಗದಿದ್ದರೆ ಡಿಸ್ಕ್ ಅದನ್ನು ಸುಮ್ನೆ ಬದಲಿಸುವುದಿಲ್ಲ. ಒಳಗಿದ್ದ ಡೇಟಾ ಅದಕ್ಕೇ ಸಿಕ್ಕಿಲ್ಲ ಅಲ್ವಾ, ಹೊಸ ಜಾಗದಲ್ಲಿ ಏನು ಬರೆಯಬೇಕು? ಹಾಗಾಗಿ ಅದನ್ನು 'ಪೆಂಡಿಂಗ್' ಎಂದು ಎಣಿಸುತ್ತದೆ. ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಲೆಕ್ಕ) 197 ಎಂಬ ಸಂಖ್ಯೆಯ ಸಾಲು ನೋಡಿ. ಮುಂದೆ ಅದೇ ಜಾಗಕ್ಕೆ ಬರೆದಾಗ ತೀರ್ಮಾನ: ಬರೆದದ್ದು ನಿಂತರೆ ಪೆಂಡಿಂಗ್ ಹೋಗುತ್ತದೆ, ನಿಲ್ಲದಿದ್ದರೆ ಸ್ಪೇರ್ ಸೆಕ್ಟರ್ ಬರುತ್ತದೆ, 5 ಎಂಬ ಸಂಖ್ಯೆಯ ಸಾಲಿನ (ಬದಲಿಸಿದ ಸೆಕ್ಟರ್‌ಗಳ) ಎಣಿಕೆ ಏರುತ್ತದೆ. ಡಿಸ್ಕ್ ಪೂರ್ತಿ ಸೊನ್ನೆ ಬರೆದರೆ 'ಸರಿಹೋಯಿತು' ಅನ್ನಿಸುವುದು ಇದಕ್ಕೇ. ಆದರೆ ಡೇಟಾ ಹೋಗಿರುತ್ತದೆ!

ಆದ್ದರಿಂದ ಮೊದಲು ಡಿಡಿರೆಸ್ಕ್ಯೂನಂಥ ಟೂಲ್‌ನಿಂದ ಬೇರೆ ಡಿಸ್ಕ್‌ಗೆ ನಕಲು ತೆಗೆಯಿರಿ. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಓದಿ, ಕಷ್ಟದ ಜಾಗಗಳಿಗೆ ಕೊನೆಗೆ ಬರುತ್ತದೆ. ವಿಂಡೋಸ್‌ನ ಡಿಸ್ಕ್ ಪರೀಕ್ಷಿಸುವ ಟೂಲ್ ಚೆಕ್‌ಡಿಸ್ಕ್‌ನ ಆರ್ (/r) ಆಯ್ಕೆ ಸಾಯುತ್ತಿರುವ ಡಿಸ್ಕ್‌ಗೆ ಜಾಸ್ತಿ ದುಡಿಮೆ ಕೊಡುತ್ತದೆ, ಈಗ ಬೇಡ. ಇನ್ನೊಂದು ವಿಷಯ: ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ಪಾರ್ಟಿಷನ್ ಕ್ಲೋನ್ ಮಾಡಿದರೆ ಹಳೆಯ ಬ್ಯಾಡ್ ಗುರುತುಗಳೂ ಹೊಸ ಡಿಸ್ಕ್‌ಗೆ ಬರುತ್ತವೆ. ಚೆಕ್‌ಡಿಸ್ಕ್‌ನ ಬಿ (/b) ಆಯ್ಕೆ ಅವನ್ನು ಮತ್ತೆ ಪರೀಕ್ಷಿಸುತ್ತದೆ.

ಹೆಚ್ಚಾಗಿ ಸರ್ವರ್‌ಗಳಲ್ಲಿ ಬಳಸುವ ಸ್ಕಸಿ ಡಿಸ್ಕ್‌ನಲ್ಲಿ ನಮಗೆ ಹಿಡಿತ ಜಾಸ್ತಿ. ತಾನಾಗಿ ಬದಲಿಸಬೇಕೇ ಎಂದು ನಾವೇ ಸೆಟ್ ಮಾಡಬಹುದು, ಇಂಥ ಬ್ಲಾಕ್ ಬದಲಿಸು ಎಂದು ಆಜ್ಞೆಯನ್ನೂ ಕೊಡಬಹುದು.

ರೇಡ್‌ಗೆ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಎಂದೇ ಮಾಡಿದ ಡಿಸ್ಕ್‌ಗಳು ಓದಲಾಗದಿದ್ದರೆ ಸಾಮಾನ್ಯವಾಗಿ 7 ಸೆಕೆಂಡಿನಲ್ಲಿ ಕೈಬಿಡುತ್ತವೆ. ಆಗ ರೇಡ್ ಉಳಿದ ಡಿಸ್ಕ್‌ಗಳಿಂದ ಡೇಟಾ ಕಟ್ಟಿ, ಅದೇ ಜಾಗಕ್ಕೆ ಮತ್ತೆ ಬರೆಯುತ್ತದೆ. ಡೆಸ್ಕ್‌ಟಾಪ್ ಡಿಸ್ಕ್ ತುಂಬ ಹೊತ್ತು ಒದ್ದಾಡುವುದರಿಂದ, ಅದು ಸತ್ತೇಹೋಯಿತೆಂದು ರೇಡ್ ಹೊರಹಾಕುವುದುಂಟು.

ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯ ಬದಲು ಮೆಮೊರಿ ಚಿಪ್ ಇರುವ ಡಿಸ್ಕ್) ಕೆಡುವುದು ಫ್ಲಾಶ್ ಬ್ಲಾಕ್, ಅಂದರೆ ಆ ಚಿಪ್‌ನ ಒಂದು ತುಂಡು. ಒಳಗಿನ ಕಂಟ್ರೋಲರ್ (ಡಿಸ್ಕ್ ನಡೆಸುವ ಚಿಪ್) ಅದನ್ನು ಬದಿಗಿಟ್ಟು ಮೀಸಲು ಜಾಗ ಬಳಸುತ್ತದೆ. ಅಲ್ಲಿ ಸೊನ್ನೆ ಬರೆದರೂ ಅದೇ ಬ್ಲಾಕ್‌ಗೆ ಹೋಗುತ್ತದೆಂಬ ಖಾತ್ರಿ ಇಲ್ಲ.